ಹಳೇ ಯುಪಿಎಸ್‌ಗೆ ಕಾರ್ ಬ್ಯಾಟರಿ ಜೋಡಿಸಿ ಕಂಪ್ಯೂಟರನ್ನು ಎರಡು ಗಂಟೆ ಓಡಿಸಬಹುದಾ?

ಓಡಿಸಬಹುದು. ನಾನು ನಾಲ್ಕು ತಿಂಗಳು ಓಡಿಸಿದ್ದೇನೆ. ಐದನೇ ತಿಂಗಳು ಏನಾಯಿತು ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೂಲೆಯಲ್ಲಿ ಬಿದ್ದಿರುವ ಯುಪಿಎಸ್, ಕಾರಿನಿಂದ ಇಳಿಸಿದ ಬ್ಯಾಟರಿ, ದಿನಾ ಸಂಜೆ ಹೋಗುವ ಕರೆಂಟ್, ಕೈಯಲ್ಲಿ ಕಾಸಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಹೆಸರು ಬದಲಾಯಿಸಿದರೆ ಅದು ನಾನೇ.

ನನ್ನದು 600 ವಿಎ (ಎಷ್ಟು ಲೋಡ್ ಹೊರುತ್ತೆ ಅನ್ನುವ ಅಳತೆ) ಯುಪಿಎಸ್. ಒಳಗಿದ್ದ 12 ವೋಲ್ಟ್, 7 ಆಂಪಿಯರ್-ಅವರ್ (ಬ್ಯಾಟರಿಯ ಹೊಟ್ಟೆ ಎಷ್ಟು ದೊಡ್ಡದು ಅನ್ನುವ ಅಳತೆ) ಬ್ಯಾಟರಿ ಉಬ್ಬಿ ಡಬ್ಬಕ್ಕೇ ಕಚ್ಚಿಕೊಂಡಿತ್ತು. ಹೇಗೋ ಎಳೆದು ತೆಗೆದೆ. ಅದರ ಎರಡು ವೈರನ್ನು ಉದ್ದ ಮಾಡಿ ಮೇಜಿನ ಕೆಳಗಿದ್ದ 35 ಆಂಪಿಯರ್-ಅವರ್ ಕಾರ್ ಬ್ಯಾಟರಿಗೆ ಕ್ಲಿಪ್ ಹಾಕಿದೆ. ಕಂಪ್ಯೂಟರ್, ಮಾನಿಟರ್ ಸೇರಿ ಸುಮಾರು 100 ವ್ಯಾಟ್. ಮೊದಲ ಸಂಜೆ ಬೀದಿಯೆಲ್ಲ ಕತ್ತಲು, ನನ್ನ ಪರದೆ ಮಾತ್ರ ಬೆಳಗುತ್ತಿತ್ತು. ಎರಡು ಗಂಟೆ! ಯುಪಿಎಸ್ ಮೈ ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗಿತ್ತು, ಸುಟ್ಟ ವಾರ್ನಿಶ್ ವಾಸನೆ ಬೇರೆ. ಹತ್ತು ನಿಮಿಷ ದುಡಿಯಲಿ ಅಂತ ಮಾಡಿದ ಟ್ರಾನ್ಸ್‌ಫಾರ್ಮರನ್ನು ಎರಡು ಗಂಟೆ ದುಡಿಸಿದರೆ ಇನ್ನೇನಾಗುತ್ತೆ? ಮುಚ್ಚಳ ತೆಗೆದು ಒಂದು ಹಳೇ ಸಿಪಿಯು ಫ್ಯಾನ್ ಕೂರಿಸಿದೆ. ಸಮಸ್ಯೆ ಬಗೆಹರಿಯಿತು ಅಂದುಕೊಂಡೆ.

ನನ್ನನ್ನು ಮುಳುಗಿಸಿದ ತಪ್ಪು ಅದಲ್ಲ. ಆ ಬ್ಯಾಟರಿ ತುಂಬಿದೆ ಅಂತ ನಾನು ನಂಬಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಎಷ್ಟು ಹೊತ್ತು ಓಡುತ್ತೆ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ವಾಪಸ್ ತುಂಬಲು ಎಷ್ಟು ಹೊತ್ತು ಬೇಕು ಅಂತ ಯಾರೂ ಹಾಕಲ್ಲ. ನಾನೂ ಹಾಕಲಿಲ್ಲ. ಎರಡು ಗಂಟೆಗೆ ನಾನು ಖರ್ಚು ಮಾಡುತ್ತಿದ್ದದ್ದು ಸುಮಾರು 20 ಆಂಪಿಯರ್-ಅವರ್. ಆ ಯುಪಿಎಸ್ ಒಳಗಿನ ಚಾರ್ಜರ್ ಕೊಡುತ್ತಿದ್ದದ್ದು ಬರೀ 1 ಆಂಪಿಯರ್, ಅಂದರೆ ಗಂಟೆಗೆ 1 ಆಂಪಿಯರ್-ಅವರ್. 7 ಆಂಪಿಯರ್-ಅವರ್ ಮರಿಗೆ ಹಾಲು ಕುಡಿಸಲು ಇದ್ದ ಬಾಟಲಿ ಅದು, ನಾನು ಅದರಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದೆ. ಚಾರ್ಜಿಂಗ್‌ನಲ್ಲಿ ಸ್ವಲ್ಪ ಪೋಲೂ ಆಗುತ್ತದೆ, ಹಾಗಾಗಿ 20 ತುಂಬಲು 22-23 ಗಂಟೆ ಬೇಕು. ಕರೆಂಟ್ ಇರುತ್ತಿದ್ದದ್ದೇ ದಿನಕ್ಕೆ 20 ಗಂಟೆ. ಅಂದರೆ ಎರಡು ಗಂಟೆ ಪೂರ್ತಿ ಓಡಿಸಿದ ದಿನವೆಲ್ಲ ಎರಡು ಮೂರು ಆಂಪಿಯರ್-ಅವರ್ ಸಾಲ.

ಕಾರಿನದು ಸೀಸ, ಆಸಿಡ್ ಇರುವ ಲೆಡ್-ಆಸಿಡ್ ಬ್ಯಾಟರಿ. ಅದು ಅರೆಹೊಟ್ಟೆಯಲ್ಲಿ ಇದ್ದಷ್ಟೂ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟುತ್ತದೆ. ಗಟ್ಟಿಯಾದ ಮೇಲೆ ಅದು ಮತ್ತೆ ಕರಗಲ್ಲ, ಅಷ್ಟು ಜಾಗ ಹೋದಂಗೇ. ಅದರ ಮೇಲೆ ಕಾರ್ ಬ್ಯಾಟರಿಯ ಪ್ಲೇಟ್‌ಗಳು ತೆಳು. ಇಂಜಿನ್ ಸ್ಟಾರ್ಟ್ ಮಾಡಲು ಒಂದೆರಡು ಸೆಕೆಂಡ್ ಜೋರಾಗಿ ಒದೆಯುವುದು ಅದರ ಕೆಲಸ. ದಿನಾ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬಾಳುವುದಿಲ್ಲ.

ಇದೆಲ್ಲ ಗೊತ್ತಿಲ್ಲದೆ ಇರಲಿಲ್ಲ, ಅಲ್ಲೇ ನೋಡಿ ಹೊಟ್ಟೆ ಉರಿಯುವುದು. ನನ್ನ ಹತ್ತಿರ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇತ್ತು. ದಿನಾ ಅಳೆಯುತ್ತಿದ್ದೆ. 13.3 ವೋಲ್ಟ್ ತೋರಿಸುತ್ತಿತ್ತು. ತುಂಬಿದ ಬ್ಯಾಟರಿ 12.7 ಅಂತ ಓದಿದ್ದೆ, ಇದು ಅದಕ್ಕಿಂತಲೂ ಮೇಲೆ! ನಾನು ಅಳೆಯುತ್ತಿದ್ದದ್ದು ಚಾರ್ಜರ್ ಹಾಕಿಕೊಂಡಿರುವಾಗ. ಮೀಟರ್ ತೋರಿಸುತ್ತಿದ್ದದ್ದು ಬ್ಯಾಟರಿಯ ಹೊಟ್ಟೆಯನ್ನಲ್ಲ, ಚಾರ್ಜರ್ ಒತ್ತಡವನ್ನು. ಕ್ಲಿಪ್ ತೆಗೆದು ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಬೇಕಿತ್ತು. ಆಗ 12.7 ಬಂದರೆ ತುಂಬಿದೆ, 12.2ರ ಹತ್ತಿರ ಬಂದರೆ ಅರ್ಧ. ನಾಲ್ಕು ತಿಂಗಳಲ್ಲಿ ಒಂದೇ ಒಂದು ಸಲ ಹಾಗೆ ಮಾಡಲಿಲ್ಲ.

ಐದನೇ ತಿಂಗಳು ಒಂದು ಸಂಜೆ ಕರೆಂಟ್ ಹೋಯಿತು. ಎರಡು ಗಂಟೆ ಇದೆಯಲ್ಲ ಅಂತ ಟೈಪ್ ಮಾಡುತ್ತಲೇ ಇದ್ದೆ. ಯುಪಿಎಸ್ ಎರಡು ಸಲ ಕುಂಯ್ ಅಂದಿತು. ಸೇವ್ ಒತ್ತಿದೆ. ಅರ್ಧ ಸೇವ್ ಆಗುವಾಗ ಪರದೆ ಕಪ್ಪಾಯಿತು. ಹನ್ನೊಂದು ದಿನದ ಕೆಲಸ ಇದ್ದ ಫೈಲ್ ಮತ್ತೆ ತೆರೆಯಲೇ ಇಲ್ಲ. ಇನ್ನೊಂದು ಪ್ರತಿ ಇಟ್ಟಿರಲಿಲ್ಲ, ಯಾಕೆಂದರೆ ನನ್ನ ಹತ್ತಿರ ಅಷ್ಟು ದೊಡ್ಡ ಬ್ಯಾಟರಿ ಇತ್ತಲ್ಲ.

ಮೇಜಿನ ಕೆಳಗೆ ಬಗ್ಗಿ ನೋಡಿದರೆ ಟರ್ಮಿನಲ್ ಮೇಲೆ ನೀಲಿ-ಬಿಳಿ ಪುಡಿ ಹೂಕೋಸಿನ ಹಾಗೆ ಅರಳಿತ್ತು. ನನ್ನ ಎರಡು ಪ್ಯಾಂಟಿನ ಅಂಚಿನಲ್ಲಿ ಸಣ್ಣ ಸಣ್ಣ ತೂತು. ಇಲಿ ಕಡಿದಿದೆ ಅಂದುಕೊಂಡಿದ್ದೆ, ಅದು ಆಸಿಡ್.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮಗೆ ಎರಡು ಗಂಟೆ ಯಾಕೆ ಬೇಕು? ಪ್ರಶ್ನೆಯೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಡೆಸ್ಕ್‌ಟಾಪಿಗೆ ಬೇಕಾದದ್ದು ಐದು ನಿಮಿಷ: ಸೇವ್ ಮಾಡಿ, ಮರ್ಯಾದೆಯಾಗಿ ಆಫ್ ಮಾಡಲು. ಅದಕ್ಕೆ ಆ ಯುಪಿಎಸ್‌ಗೆ ಅದರದೇ ಅಳತೆಯ ಹೊಸ 7 ಆಂಪಿಯರ್-ಅವರ್ ಬ್ಯಾಟರಿ ಸಾಕು. 100 ವ್ಯಾಟ್‌ಗೆ ಹತ್ತು ನಿಮಿಷದ ಮೇಲೇ ಕೊಡುತ್ತದೆ. ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇದ್ದರೆ ಕಂಪ್ಯೂಟರಿಗೆ ಜೋಡಿಸಿ. ಎನ್‌ಯುಟಿ ಅನ್ನುವ ಉಚಿತ ತಂತ್ರಾಂಶ ಇದೆ, ನಿಮ್ಮ ಯುಪಿಎಸ್ ಅದಕ್ಕೆ ಒಗ್ಗಿದರೆ ನೀವಿಲ್ಲದಾಗಲೂ ಅದೇ ಆಫ್ ಮಾಡುತ್ತದೆ.

ಕತ್ತಲಲ್ಲೂ ಕೆಲಸ ಮಾಡಲೇಬೇಕಾ? ಬ್ಯಾಟರಿ ಸರಿ ಇರುವ ಹಳೇ ಲ್ಯಾಪ್‌ಟಾಪ್ ಹುಡುಕಿ. ಯಾವ ಜುಗಾಡ್ ಯುಪಿಎಸ್‌ಗಿಂತಲೂ ಅದು ವಾಸಿ. ಇಂಟರ್ನೆಟ್ ಉಳಿಯಬೇಕಾದರೆ ರೌಟರ್‌ಗೆ ಮಾತ್ರ ಪ್ರತ್ಯೇಕ ವ್ಯವಸ್ಥೆ ಮಾಡಿ. ಬಹಳಷ್ಟು ರೌಟರ್‌ಗಳು 12 ವೋಲ್ಟ್‌ನಲ್ಲಿ 1 ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತವೆ. ಅದಕ್ಕೆಂದೇ ಬರುವ ಮಿನಿ ಯುಪಿಎಸ್ ಡಬ್ಬಿ ಗಂಟೆಗಟ್ಟಲೆ ನಡೆಸುತ್ತದೆ.

ಇಷ್ಟು ಹೇಳಿದರೂ ಕಾರ್ ಬ್ಯಾಟರಿಯನ್ನೇ ಹಾಕುತ್ತೇನೆ ಅಂದರೆ (ಹಾಕುತ್ತೀರಿ, ನಾನೂ ಯಾರ ಮಾತೂ ಕೇಳಿರಲಿಲ್ಲ), ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಫ್ಯೂಸ್ ಹಾಕಿ, ದಪ್ಪ ವೈರ್ ಬಳಸಿ. ಸ್ಪ್ಯಾನರ್ ಜಾರಿ ಎರಡೂ ಟರ್ಮಿನಲ್ ಮುಟ್ಟಿದರೆ ಅದು ವೆಲ್ಡಿಂಗ್ ಆಗುತ್ತದೆ, ತಮಾಷೆಯಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹಾಗಾಗಿ ಗಾಳಿಯಾಡುವ ಕಡೆ ಇಡಿ, ಮಲಗುವ ಕೋಣೆಯಲ್ಲಿ ಬೇಡ. ಚಾರ್ಜ್ ಮಾಡಲು ಆ ಬ್ಯಾಟರಿಗೆ ತಕ್ಕ ಬೇರೆ ಚಾರ್ಜರ್ ಇಡಿ, ಯುಪಿಎಸ್ ಒಳಗಿನದನ್ನು ನಂಬಬೇಡಿ.

ಅದಕ್ಕೂ ಮೊದಲು ಆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕ್ಲಿಪ್ ಕಿತ್ತು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಳೆಯಿರಿ. 12.4ಕ್ಕಿಂತ ಕೆಳಗೆ ಬಂದರೆ ಗುಜರಿಗೆ ಹಾಕಿ, ಸೀಸದ ದುಡ್ಡಾದರೂ ಸಿಗುತ್ತದೆ. 12.6 ಬಂದರೆ ಇಲ್ಲಿ ಬಂದು ಹೇಳಿ, ಫ್ಯೂಸ್ ಎಷ್ಟು ಆಂಪಿಯರ್‌ನದು ಬೇಕು ಅಂತ ಕೂತು ಲೆಕ್ಕ ಹಾಕೋಣ.