ಕೊಡೆ ಮರೆಯಬೇಡ ತಮ್ಮಾ

ಅಕ್ಟೋಬರ್‌ನಲ್ಲಿ ಜಪಾನಿನ ನೋಮಿಗೆ ಓದಲು ಬರುತ್ತೀಯ, ಅದಿರುವ ಇಶಿಕಾವಾ ಅಂದರೆ ಎಂಥ ಸೀಮೆ, ಚಳಿ ತಡೆಯಬಹುದಾ, ಜನ ಬೆರೆಯುತ್ತಾರಾ ಅಂತ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದರಿಂದ ನೀನು ಅಂತಲೇ ಬರೆಯುತ್ತೇನೆ. ಪಕ್ಕದ ಕನಜಾವಾದಲ್ಲಿ ಹದಿನೇಳು ವರ್ಷದಿಂದ ಇದ್ದೇನೆ.

‘ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ’ ಅನ್ನುವುದು ಇಲ್ಲಿಯ ಮಾತು. ನಾನು ತೀರ್ಥಹಳ್ಳಿ ಕಡೆಯವಳು, ಮಳೆ ನನಗೆ ಹೊಸದಲ್ಲ. ಆದರೆ ಡಿಸೆಂಬರ್‌ನ ಗುಡುಗು ಹೊಸದಾಗಿತ್ತು. ಸೈಬೀರಿಯಾದ ಗಾಳಿ ಜಪಾನ್ ಸಮುದ್ರದ ಮೇಲೆ ತೇವ ಹೀರಿಕೊಂಡು ಬಂದು ಇಲ್ಲಿಯ ಬೆಟ್ಟಗಳಿಗೆ ಬಡಿದು ಸುರಿಯುತ್ತದೆ. ಬುರಿ ಮೀನು ಸಿಗುವ ಕಾಲವೂ ಅದೇ, ಹಾಗಾಗಿ ಆ ಗುಡುಗಿಗೆ ಬುರಿಯನ್ನು ಎಬ್ಬಿಸುವ ಗುಡುಗು ಅಂತಲೇ ಹೆಸರು. ಬೀಳುವ ಹಿಮ ಒದ್ದೆ, ವಿಪರೀತ ಭಾರ. ಮರದ ಕೊಂಬೆ ಮುರಿದುಬಿಡುತ್ತದೆ.

ಅದಕ್ಕೇ ಕನಜಾವಾದ ಕೆನ್ರೊಕುಎನ್ ತೋಟದಲ್ಲಿ ನವೆಂಬರ್ 1ರಿಂದ ಮರಗಳಿಗೆ ಹಗ್ಗ ಕಟ್ಟಲು ಶುರುಮಾಡುತ್ತಾರೆ. ಕರಸಕಿ ಎಂಬ ದೊಡ್ಡ ಪೈನ್ ಮರ ಒಂದಕ್ಕೇ 5 ಕಂಬ, ಸುಮಾರು 800 ಹುಲ್ಲಿನ ಹಗ್ಗ. ಕಂಬದ ತುದಿಯಲ್ಲಿರುವ ಮಾಲಿ ಹಗ್ಗ ಎಸೆಯುತ್ತಾನೆ. ಕೆಳಗಿನವನು ಹಿಡಿದು, ಎಳೆದು, ಬಿಗಿ ನೋಡಿ, ಕೊಂಬೆಗೆ ಗಂಟು ಹಾಕುತ್ತಾನೆ. ಹಿಮ ಬೀಳಲು ಇನ್ನೂ ಎಷ್ಟೋ ದಿನ ಇರುತ್ತದೆ.

ಜನರೂ ಹಾಗೇ. ನನ್ನ ಮೊದಲ ಚಳಿಗಾಲದಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿಯವರೆಗೂ ಹಿಮ ಎತ್ತಿ ದಾರಿ ಮಾಡಿತ್ತು. ಪಕ್ಕದ ಮನೆಯ ಅಜ್ಜಿ. ಅಲ್ಲಿಯವರೆಗೆ ನನ್ನ ಹತ್ತಿರ ನಾಲ್ಕು ಮಾತೂ ಆಡಿರಲಿಲ್ಲ. ಇಲ್ಲಿ ಮಾತು ನಿಧಾನಕ್ಕೆ ಬರುತ್ತದೆ. ಅದನ್ನು ಅಸಡ್ಡೆ ಅಂದುಕೊಂಡು ಮನಸ್ಸು ಮುರಿದುಕೊಳ್ಳಬೇಡ.

ಇಶಿಕಾವಾದ ನಮ್ಮ ಈ ದಕ್ಷಿಣ ಭಾಗದ ಹಳೆ ಹೆಸರು ಕಾಗಾ. 1488ರಲ್ಲಿ ಇಲ್ಲಿಯ ರೈತರು, ಜೋದೋ ಶಿನ್ ಎಂಬ ಬೌದ್ಧ ಪಂಥದ ಭಕ್ತರು ಸೇರಿ ಆಳುವ ದೊರೆಯನ್ನೇ ಉರುಳಿಸಿದರು. 1580ರಲ್ಲಿ ಓದಾ ನೊಬುನಾಗ ಎಂಬ ಸೇನಾಧಿಪತಿಯ ಸೈನ್ಯ ಬಗ್ಗುಬಡಿಯುವವರೆಗೆ ಸುಮಾರು ತೊಂಬತ್ತು ವರ್ಷ ನಾಡು ಅವರ ಕೈಲಿತ್ತು. ಆ ಭಕ್ತಿ ಇನ್ನೂ ಮನೆಮನೆಯಲ್ಲಿದೆ. ಪಕ್ಕದ ಮನೆಯ ನಮ್ಮ ಅಜ್ಜಿ ಬುದ್ಧನ ಪೀಠದ ಮುಂದೆ ಕೂತು ‘ನಮು ಅಮಿದಾ ಬುತ್ಸು’ ಅನ್ನುತ್ತಾರೆ. ಅದು ನಮ್ಮ ‘ನಮೋ ಅಮಿತಾಭ ಬುದ್ಧ’ ಅಂತ ಗೊತ್ತಾದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

1583ರಲ್ಲಿ, ನೊಬುನಾಗನ ಸೇನಾನಿಯಾಗಿದ್ದ ಮಾಎದಾ ತೊಶಿಇಎ ಕನಜಾವಾ ಕೋಟೆಗೆ ಬಂದ. ಮುಂದೆ ಅವನ ಮನೆತನದ ನೆಲದ ಅಂದಾಜು ಇಳುವರಿ ಹತ್ತು ಲಕ್ಷ ಕೊಕು ಅಕ್ಕಿ ದಾಟಿತು; ಒಂದು ಕೊಕು ಅಂದರೆ ಸುಮಾರಾಗಿ ಒಬ್ಬರ ಒಂದು ವರ್ಷದ ಅಕ್ಕಿ. ಇಡೀ ಜಪಾನ್ ಆಳುತ್ತಿದ್ದ ಶೋಗನ್ ಬಿಟ್ಟರೆ ಅಷ್ಟು ಸಿರಿವಂತ ದೊರೆಗಳಿರಲಿಲ್ಲ. ಸೈನ್ಯಕ್ಕೆ ಸುರಿದರೆ ಶೋಗನ್ ಮನೆತನದ ತೊಕುಗಾವಾಗಳಿಗೆ ಅನುಮಾನ ಬಂದೀತು ಅಂತ ಆ ಹಣವನ್ನು ಚಹಾ ಕಲೆ, ಮರದ ಪಾತ್ರೆಗೆ ಅರಗಿನ ಮೆರುಗು ಕೊಡುವ ಕೆಲಸ, ನೋ ಎಂಬ ಹಳೆಯ ಮುಖವಾಡದ ನಾಟಕಗಳಿಗೆ ಸುರಿದರು. ಮರ ಹತ್ತಿದ ಮಾಲಿಯೂ ನೋ ಹಾಡು ಗುನುಗುತ್ತಿದ್ದನಂತೆ. ಕನಜಾವಾದಲ್ಲಿ ಹಾಡು ಆಕಾಶದಿಂದ ಉದುರುತ್ತದೆ ಅನ್ನುವ ಮಾತು ಹುಟ್ಟಿದ್ದು ಹಾಗೆ. ಇವತ್ತಿಗೂ ಜಪಾನಿನ ಚಿನ್ನದ ರೇಕು ಹೆಚ್ಚುಕಡಿಮೆ ಪೂರಾ ಇಲ್ಲೇ ತಯಾರಾಗುವುದು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು ದಪ್ಪ. ಉಸಿರು ಬಿಟ್ಟರೆ ಹಾರುತ್ತದೆ.

ಬಂದಮೇಲೆ ಇಶಿಕಾವಾದ ಉತ್ತರ ಭಾಗವಾದ ನೋಟೊಗೂ ಹೋಗಬೇಕು ನೀನು. 2024ರ ಜನವರಿ 1, ಸಂಜೆ 4 ಗಂಟೆ 10 ನಿಮಿಷಕ್ಕೆ 7.6 ತೀವ್ರತೆಯ ಭೂಕಂಪ. ಅಲ್ಲಿಯ ವಾಜಿಮಾ ಊರಿನ ಹಳೆ ಸಂತೆಬೀದಿ ಸುಟ್ಟುಹೋಯಿತು. ನೂರಕ್ಕೂ ಹೆಚ್ಚು ಹಂತ ದಾಟಿ ಅರಗಿನ ಮೆರುಗಿನ ಒಂದು ಮರದ ಬಟ್ಟಲು ಮಾಡುವ ಊರು ಅದು. ಎಷ್ಟೋ ಕುಶಲಕರ್ಮಿಗಳ ಮನೆ, ಕೆಲಸದ ಜಾಗ ಎರಡೂ ಹೋದವು. ಕೈಲಾದಾಗ ಒಂದು ಬಟ್ಟಲು ಕೊಂಡುಕೋ, ಸಾರು ಕುಡಿಯಲು ದಿನಾ ಬಳಸು.

ನೀನು ಸಸ್ಯಾಹಾರಿಯಾದರೆ ಒಂದು ಮಾತು: ಇಲ್ಲಿ ತರಕಾರಿ ಸಾರಿಗೂ ಮೀನಿನ ಕಟ್ಟು ಹಾಕುತ್ತಾರೆ, ಕೇಳಿ ತಿನ್ನು. ಹಿಮದ ಬೂಟು ಬೆಂಗಳೂರಿನಲ್ಲಿ ಕೊಳ್ಳಬೇಡ, ಇಲ್ಲೇ ಸಿಗುತ್ತದೆ. ಸಾರಿನ ಪುಡಿ ಮಾತ್ರ ಜಾಸ್ತಿ ತಾ. ನವೆಂಬರ್ 1ಕ್ಕೆ ಕನಜಾವಾಕ್ಕೆ ಬಂದುಬಿಡು, ಹಗ್ಗ ಕಟ್ಟುವುದನ್ನು ಅಜ್ಜಿಯನ್ನೂ ಕರೆದುಕೊಂಡು ಹೋಗಿ ನೋಡೋಣ.