ಡಿಫರ್ ಆದ ಅರ್ಜಿ, ಮೂರು ತಿಂಗಳ ಕಾಯುವಿಕೆ: ಒಂದು ಆಪ್ತಸಲಹೆ ಪ್ರಕರಣ

ನ್ಯೂಜೆರ್ಸಿಯ ಪಬ್ಲಿಕ್ ಹೈಸ್ಕೂಲೊಂದರ ಹನ್ನೆರಡನೆಯ ತರಗತಿಯಲ್ಲಿ ಓದುತ್ತಿದ್ದ ಹದಿನೇಳು ವರ್ಷದ ಹುಡುಗಿಯನ್ನು ಅವಳ ತಾಯಿ ಡಿಸೆಂಬರ್ ಮೂರನೆಯ ವಾರದಲ್ಲಿ ನನ್ನ ಬಳಿಗೆ ಕರೆತಂದರು. ಕುಟುಂಬದ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಅವಳು ಅರ್ಜಿ ಹಾಕಿದ್ದ ಕಾಲೇಜಿನ ಹೆಸರನ್ನು ಬಿಟ್ಟಿದ್ದೇನೆ. ಮಗಳು ಐದು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ಎರಡು ಗಂಟೆಯವರೆಗೂ ಲ್ಯಾಪ್‌ಟಾಪ್ ಮುಂದೆ ಕುಳಿತಿರುತ್ತಾಳೆ, ಆದರೆ ಬರೆಯಬೇಕಾಗಿರುವ ಉಳಿದ ಅರ್ಜಿಗಳು ಒಂದು ಸಾಲೂ ಮುಂದೆ ಹೋಗಿಲ್ಲ ಎಂದು ತಾಯಿ ಫೋನಿನಲ್ಲಿ ಹೇಳಿದ್ದರು. “ರಿಜೆಕ್ಟ್ ಆಗಿದ್ದರೆ ಅದು ಬೇರೆ ಮಾತು. ಆಗಿಲ್ಲವಲ್ಲ, ಮತ್ತೆ ಯಾಕೆ ಹೀಗಿದ್ದಾಳೆ?” ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರಕರಣದ ಗಂಟು ಆ ಪ್ರಶ್ನೆಯಲ್ಲಿಯೇ ಇತ್ತೆಂಬುದು ನನಗೆ ಸ್ವಲ್ಪ ತಡವಾಗಿ ತಿಳಿಯಿತು.

ಊರಿನಲ್ಲಿರುವ ಓದುಗರಿಗಾಗಿ ಅಮೆರಿಕದ ಪ್ರವೇಶ ಕ್ರಮವನ್ನು ಇಷ್ಟಾದರೂ ಹೇಳಬೇಕು. ವಿದ್ಯಾರ್ಥಿಯು ತನಗೆ ಎಲ್ಲಕ್ಕಿಂತ ಇಷ್ಟವಾದ ಒಂದೇ ಕಾಲೇಜಿಗೆ ಸಾಮಾನ್ಯವಾಗಿ ನವೆಂಬರ್ 1ರೊಳಗೆ ‘ಅರ್ಲಿ ಡಿಸಿಷನ್’ ಅರ್ಜಿ ಹಾಕಬಹುದು. ಸೀಟು ಕೊಟ್ಟರೆ ಅಲ್ಲಿಗೇ ಸೇರುತ್ತೇನೆ, ಬೇರೆ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತೇನೆ ಎಂಬ ಒಪ್ಪಂದಕ್ಕೆ ವಿದ್ಯಾರ್ಥಿ, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುತ್ತದೆ: ಸೀಟು ಸಿಗಬಹುದು, ನಿರಾಕರಣೆಯಾಗಬಹುದು, ಇಲ್ಲವೇ ಅರ್ಜಿ ‘ಡಿಫರ್’ ಆಗಬಹುದು. ಡಿಫರ್ ಎಂದರೆ ಅರ್ಜಿಯನ್ನು ‘ರೆಗ್ಯುಲರ್ ಡಿಸಿಷನ್’ ಎಂಬ ಸಾಮಾನ್ಯ ಸುತ್ತಿನ ದೊಡ್ಡ ರಾಶಿಗೆ ಸೇರಿಸಿ ಮಾರ್ಚ್ ಕೊನೆಯ ಹೊತ್ತಿಗೆ ಮತ್ತೊಮ್ಮೆ ನೋಡುತ್ತೇವೆ ಎಂದರ್ಥ. ಅಲ್ಲಿಗೆ ಆ ಒಪ್ಪಂದದ ಕಟ್ಟು ಬಿಟ್ಟುಹೋಗುತ್ತದೆ, ವಿದ್ಯಾರ್ಥಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಆದರೆ ಹೆಚ್ಚಿನ ಕಾಲೇಜುಗಳ ರೆಗ್ಯುಲರ್ ಅರ್ಜಿಯ ಕೊನೆಯ ದಿನಾಂಕ ಜನವರಿ ಮೊದಲ ವಾರದಲ್ಲಿರುವುದರಿಂದ, ಮನಸ್ಸು ತೀರ ಕುಗ್ಗಿರುವ ಆ ಎರಡು ವಾರಗಳಲ್ಲಿಯೇ ಅತಿ ಹೆಚ್ಚು ಬರವಣಿಗೆ ಆಗಬೇಕಾಗುತ್ತದೆ. ಅರ್ಲಿ ಡಿಸಿಷನ್ ಅರ್ಜಿ ಡಿಫರ್ ಆಗಿದ್ದ ಈ ಹುಡುಗಿಗೆ ಉಳಿದಿದ್ದವು ಏಳು ಅರ್ಜಿಗಳು.

ಮೊದಲ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ, ಬದುಕುವುದೇ ಬೇಡ ಎನ್ನಿಸಿದೆಯೇ ಎಂದು ಹುಡುಗಿಯನ್ನು ನೇರವಾಗಿ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ನಮ್ಮ ಅನೇಕ ಹಿರಿಯರು ನಂಬಿದ್ದಾರೆ, ಅದು ಸರಿಯಲ್ಲ. ಕೇಳದೆ ಬಿಡುವುದರಲ್ಲಿಯೇ ಅಪಾಯವಿದೆ. ಅವಳಿಗೆ ಅಂಥ ಯೋಚನೆ ಇರಲಿಲ್ಲ. ಆದರೂ ಯಾವ ಹೊತ್ತಿನಲ್ಲಾದರೂ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು ಅಥವಾ ಸಂದೇಶ ಕಳಿಸಬಹುದು ಎಂದು ತಿಳಿಸಿ, ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳುವಂತೆ ಹೇಳಿದೆ.

ಆಮೇಲೆ ನಾನೊಂದು ತಪ್ಪು ಮಾಡಿದೆ. ಡಿಫರ್ ಆದವರಲ್ಲಿ ಒಂದಷ್ಟು ಮಂದಿಗೆ ಮಾರ್ಚ್‌ನಲ್ಲಿ ಸೀಟು ಸಿಗುತ್ತದೆ ಎಂದು ಸಮಾಧಾನ ಹೇಳಲು ಹೊರಟೆ. ಅವಳು ತಕ್ಷಣ ತಲೆಯೆತ್ತಿ “ಎಷ್ಟು ಜನಕ್ಕೆ?” ಎಂದಳು. ರಾತ್ರಿ ಎರಡು ಗಂಟೆಯವರೆಗೆ ಅವಳು ಹುಡುಕುತ್ತಿದ್ದುದು ಆ ಸಂಖ್ಯೆಯನ್ನೇ: ಯಾವ ವರ್ಷ ಎಷ್ಟು ಜನ ಡಿಫರ್ ಆದರು, ಅವರಲ್ಲಿ ಎಷ್ಟು ಜನ ಒಳಗೆ ಹೋದರು, ಅವರ ಅಂಕಗಳೇನು, ತನ್ನಂಥವರು ಯಾರಾದರೂ ಇದ್ದರೇ. ನಾನು ಉರಿಯುವ ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದ್ದೆ. ಮಾತನ್ನು ಅಲ್ಲಿಗೇ ನಿಲ್ಲಿಸಿ, ಉತ್ತರ ನೋಡಲು ಕಾಲೇಜಿನ ಪೋರ್ಟಲ್ ತೆರೆದ ಆ ಸಂಜೆ ಮನೆಯಲ್ಲಿ ಏನಾಯಿತು ಎಂದು ಕೇಳಿದೆ. ಪತ್ರ ಓದಿದ ಮೇಲೆ ಅವಳಿಗೆ ಅಳು ಬಂದಿತ್ತು. ತಂದೆ ಹೆಗಲ ಮೇಲೆ ಕೈಯಿಟ್ಟು “ಅಳೋಕೆ ಏನಾಗಿದೆ ಪುಟ್ಟೀ, ಇನ್ನೂ ಚಾನ್ಸ್ ಇದೆ. ಇದು ಆರ್‌ಎಸಿ ಟಿಕೆಟ್ ಇದ್ದ ಹಾಗೆ, ಕನ್ಫರ್ಮ್ ಆಗೇ ಆಗತ್ತೆ” ಎಂದಿದ್ದರು. ಬೇಸಿಗೆಯಲ್ಲಿ ಕ್ಯಾಂಪಸ್ ನೋಡಲು ಹೋದಾಗ ಕೊಂಡಿದ್ದ, ಕಾಲೇಜಿನ ಹೆಸರಿರುವ ಸ್ವೆಟ್‌ಶರ್ಟನ್ನು ಅವಳು ಮರುದಿನ ಕಪಾಟಿನ ತಳಕ್ಕೆ ತುರುಕಿದ್ದಳು. ಸಂಜೆ ಶಾಲೆಯಿಂದ ಬಂದು ನೋಡಿದರೆ ತಂದೆ ಅದನ್ನು ಮತ್ತೆ ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದ್ದರು. ಆ ವಾರವೇ ದಾವಣಗೆರೆಯಿಂದ ಅಜ್ಜಿ ವಿಡಿಯೊ ಕರೆಯಲ್ಲಿ “ಸೀಟು ಸಿಕ್ತೇನವ್ವಾ?” ಎಂದು ಕೇಳಿದಾಗ ತಂದೆಯೇ ಮುಂದೆ ಬಂದು “ರಿಸಲ್ಟ್ ಇನ್ನೂ ಬಂದಿಲ್ಲಮ್ಮ, ಮಾರ್ಚ್‌ಗೆ ಬರತ್ತೆ” ಎಂದುಬಿಟ್ಟಿದ್ದರು. ಹುಡುಗಿ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದ ಮಾತನ್ನು ನನ್ನ ಟಿಪ್ಪಣಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: “ಸಿಕ್ಕಿಲ್ಲ ಅಂತ ಅಳೋ ಹಾಗೂ ಇಲ್ಲ, ಸಿಕ್ಕಿದೆ ಅಂತ ನಗೋ ಹಾಗೂ ಇಲ್ಲ.”

ಮುಂದೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ ಪಾಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡುವಾಗ, ಸತ್ತರೋ ಬದುಕಿದ್ದಾರೋ ಎಂದು ತಿಳಿಯದಿರುವ ಸ್ಥಿತಿಗೆ ‘ಅಸ್ಪಷ್ಟ ನಷ್ಟ’ ಎಂಬ ಅರ್ಥದ ಹೆಸರು ಕೊಟ್ಟರು. ಕಾಲೇಜಿನ ಸೀಟನ್ನು ಆ ದುಃಖದ ಪಕ್ಕದಲ್ಲಿಡಲು ನನಗೆ ಸಂಕೋಚವಿದೆ. ಆದರೂ ಅವರು ಗಮನಿಸಿದ ಒಂದು ಅಂಶ ಇಲ್ಲಿಗೆ ಒದಗಿಬಂತು: ಕಳೆದುಕೊಂಡದ್ದು ಖಚಿತವಾಗದಿದ್ದಾಗ ಶೋಕವು ಹೆಪ್ಪುಗಟ್ಟಿ ನಿಲ್ಲುತ್ತದೆ, ಸುತ್ತಲಿನವರೂ ಸಾಂತ್ವನ ಹೇಳಲು ಮುಂದಾಗುವುದಿಲ್ಲ. ಈ ಹುಡುಗಿ ನಿಜವಾಗಿ ಕಳೆದುಕೊಂಡದ್ದೊಂದಿತ್ತು. ಡಿಸೆಂಬರ್‌ನಲ್ಲೇ ಎಲ್ಲ ಮುಗಿದು, ಉಳಿದ ವರ್ಷವನ್ನು ಗೆಳತಿಯರೊಡನೆ ನಿರಾಳವಾಗಿ ಕಳೆಯುವ ಆಸೆ ಅವಳಿಗಿತ್ತು. ಮಾರ್ಚ್‌ನಲ್ಲಿ ಸೀಟು ಸಿಕ್ಕರೂ ಅದು ಮರಳಿ ಬರುವಂಥದ್ದಲ್ಲ. ಅದಕ್ಕಾಗಿ ಅಳಲು ಮಾರ್ಚ್‌ವರೆಗೆ ಕಾಯಬೇಕಾಗಿಲ್ಲ ಎಂದು ಹೇಳಿದೆ. ಅವಳು ಅತ್ತಳು, ಸುಮಾರು ಹೊತ್ತು.

ಮೂರು ದಿನಗಳ ನಂತರ ತಂದೆತಾಯಿಯರನ್ನು ಕರೆಸಿದೆ. ತಂದೆ 1990ರ ದಶಕದಲ್ಲಿ ಸಿಇಟಿ ಬರೆದು, ತಮ್ಮ ರ‍್ಯಾಂಕಿನ ಸರದಿ ಬಂದಾಗ ಬೆಂಗಳೂರಿಗೆ ಹೋಗಿ ಸೀಟು ಆರಿಸಿಕೊಂಡು ಬಂದವರು. ಅವರ ಮಟ್ಟಿಗೆ ಪ್ರವೇಶವೆಂದರೆ ಒಂದು ಸಂಖ್ಯೆ. ಸಂಖ್ಯೆ ಗೊತ್ತಾದರೆ ಎಲ್ಲಿ ಎಷ್ಟು ಕಡಿಮೆಯಾಯಿತು ಎಂಬುದೂ ಗೊತ್ತಾಗುತ್ತದೆ. ತಮ್ಮ ಅಣ್ಣನ ಮಗ ಈಚೆಗೆ ಕೆಇಎ ಪೋರ್ಟಲಿನಲ್ಲಿ, ಸಿಕ್ಕ ಸೀಟನ್ನು ಕೈಯಲ್ಲಿಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವ ‘ಚಾಯ್ಸ್ ಎರಡು’ ಆರಿಸಿಕೊಂಡದ್ದನ್ನು ನೆನೆದು, ಡಿಫರ್ ಕೂಡ ಅಂಥದ್ದೇ ಅಲ್ಲವೇ ಎಂದು ಕೇಳಿದರು. ಅಲ್ಲ ಎಂದು ಸ್ಪಷ್ಟವಾಗಿ ಹೇಳಬೇಕಾಯಿತು. ಚಾಯ್ಸ್ ಎರಡರಲ್ಲಿ ಒಂದು ಸೀಟು ಕೈಯಲ್ಲಿರುತ್ತದೆ, ಆರ್‌ಎಸಿ ಟಿಕೆಟಿನವರಿಗೆ ರೈಲು ಹತ್ತುವ ಹಕ್ಕೂ ಅರ್ಧ ಬರ್ತೂ ಇರುತ್ತದೆ. ಡಿಫರ್ ಆದವರ ಕೈಯಲ್ಲಿ ಸೀಟೂ ಇಲ್ಲ, ಸರದಿಯ ಸಂಖ್ಯೆಯೂ ಇಲ್ಲ. ಎರಡನೆಯ ಬಾರಿ ನೋಡುವಾಗ ಅರ್ಜಿಗಳ ಗುಂಪೇ ಬೇರೆ, ಕಾಲೇಜಿನ ಆ ವರ್ಷದ ಅಗತ್ಯಗಳೇ ಬೇರೆ. ಕಾರಣವನ್ನು ಅವರು ತಿಳಿಸುವುದೂ ಇಲ್ಲ. ಆದುದರಿಂದ ಇದನ್ನು ‘ಈಗ ಸಿಕ್ಕಿಲ್ಲ’ ಎಂದು ಹಿಡಿದು ನಡೆಯಿರಿ, ಕನ್ಫರ್ಮ್ ಆಗುತ್ತದೆ ಎಂಬ ಮಾತನ್ನು ಮನೆಯಲ್ಲಿ ಆಡಬೇಡಿ ಎಂದು ಕೇಳಿಕೊಂಡೆ. ತಂದೆಗೆ ಇದು ಕಠಿಣವಾಗಿ ಕಂಡಿತು. “ನಾವೇ ಕೈಬಿಟ್ಟರೆ ಅವಳೂ ಬಿಡುವುದಿಲ್ಲವೇ?” ಎಂದರು. ಮಗಳು ಆಸೆಯನ್ನು ಕೆಳಗಿಡಲಾರದೆ ಇರುವುದಕ್ಕೆ ಕಾರಣ, ಅದನ್ನು ಅಪ್ಪನಿಗಾಗಿಯೂ ಹೊತ್ತುಕೊಂಡಿರುವುದು ಎಂದು ನಾನು ಹೇಳಿದಾಗ ತಾಯಿ ಗಂಡನ ಕಡೆ ನೋಡಿದರು. ಸ್ವೆಟ್‌ಶರ್ಟಿನ ಮಾತು ತೆಗೆದದ್ದು ಅವರೇ.

ತಂದೆಯ ಬಳಿ ಇನ್ನೊಂದು ಯೋಜನೆ ಸಿದ್ಧವಾಗಿತ್ತು. ಜನವರಿ ಆರಂಭದಲ್ಲಿ ಕೆಲವು ಕಾಲೇಜುಗಳು ‘ಅರ್ಲಿ ಡಿಸಿಷನ್ 2’ ಎಂಬ ಎರಡನೆಯ ಸುತ್ತಿನ ಅರ್ಜಿ ತೆಗೆದುಕೊಂಡು ಫೆಬ್ರವರಿಯಲ್ಲಿ ಉತ್ತರ ಕೊಡುತ್ತವೆ. ಅಂಥ ಒಂದು ಕಾಲೇಜಿಗೆ ಹಾಕಿಸಿಬಿಡೋಣ ಎಂಬುದು ಅವರ ಯೋಚನೆ. ಈ ದಾರಿಯನ್ನು ನಾನು ಬೇಡವೆನ್ನುವವನಲ್ಲ, ಎರಡನೆಯ ಕಾಲೇಜು ನಿಜಕ್ಕೂ ಇಷ್ಟವಾಗಿದ್ದರೆ ಅದು ಒಳ್ಳೆಯದೇ. ಆದರೆ ಅದೂ ಬದ್ಧತೆಯ ಒಪ್ಪಂದ: ಸಿಕ್ಕರೆ ಡಿಫರ್ ಮಾಡಿದ ಕಾಲೇಜನ್ನೂ ಸೇರಿಸಿ ಉಳಿದ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆಯಬೇಕು, ಬೇರೆ ಬೇರೆ ಕಾಲೇಜುಗಳು ಕೊಡುವ ಆರ್ಥಿಕ ನೆರವನ್ನು ಹೋಲಿಸಿ ನೋಡುವ ಅವಕಾಶವೂ ಹೋಗುತ್ತದೆ. ತಂದೆ ಹೆಸರಿಸಿದ ಕಾಲೇಜನ್ನು ಹುಡುಗಿ ನೋಡಿಯೇ ಇರಲಿಲ್ಲ. ಒಂದು ಗಾಯ ಮಾಯುವ ಮೊದಲೇ ಇನ್ನೊಂದು ಕರಾರಿಗೆ ಸಹಿ ಹಾಕಿಸುವುದು ಬೇಡ, ನಾಲ್ಕು ದಿನ ಬಿಟ್ಟು ಅವಳನ್ನೇ ಕೇಳಿ ಎಂದೆ. ಕೇಳಿದಾಗ ಅವಳು ಬೇಡವೆಂದಳು.

ಡಿಫರ್ ಮಾಡಿದ ಕಾಲೇಜಿಗೆ ಬರೆಯುವ ಪತ್ರದ ಮೇಲೆ ನಾವು ಹೆಚ್ಚು ಹೊತ್ತು ಕಳೆದೆವು. ನಿಮ್ಮಲ್ಲಿ ಆಸಕ್ತಿ ಹಾಗೆಯೇ ಉಳಿದಿದೆ ಎಂದು ತಿಳಿಸುವ ಇಂಥ ಪತ್ರವನ್ನು ಅನೇಕ ಕಾಲೇಜುಗಳು ಸ್ವೀಕರಿಸುತ್ತವೆ, ಕೆಲವು ಬೇಡವೆನ್ನುತ್ತವೆ, ಕೆಲವು ತಮ್ಮದೇ ಫಾರ್ಮ್ ಕೊಡುತ್ತವೆ. ಎಂಐಟಿ ಫೆಬ್ರವರಿಯಲ್ಲಿ ತುಂಬಿ ಕಳುಹಿಸುವ ಫಾರ್ಮ್ ಒಂದನ್ನು ಇಟ್ಟಿದೆ. ಆದುದರಿಂದ ಡಿಫರ್ ಪತ್ರವನ್ನೇ ಮತ್ತೊಮ್ಮೆ ಶಾಂತವಾಗಿ ಓದುವುದು ಮೊದಲ ಕೆಲಸ. ಹುಡುಗಿ ಅದನ್ನು ಮೊದಲ ಸಾಲಿನ ಆಚೆಗೆ ಓದಿಯೇ ಇರಲಿಲ್ಲ! ಅವಳ ಕಾಲೇಜು ಪೋರ್ಟಲಿನಲ್ಲಿ ಒಂದು ಪತ್ರಕ್ಕೆ ಅವಕಾಶ ಕೊಟ್ಟಿತ್ತು, ಹೆಚ್ಚುವರಿ ಶಿಫಾರಸು ಪತ್ರಗಳು ಬೇಡವೆಂದಿತ್ತು. ಪರಿಚಯದ ಹಳೆಯ ವಿದ್ಯಾರ್ಥಿಯೊಬ್ಬರಿಂದ ಹೇಳಿಸುವ ಪ್ರಯತ್ನದಲ್ಲಿದ್ದ ತಂದೆಗೆ ಆ ಸಾಲನ್ನು ತೋರಿಸಿದ ಮೇಲೆ ಅದು ನಿಂತಿತು.

ಅವಳ ಮೊದಲ ಕರಡು ಮೂರು ಪುಟವಿತ್ತು. ಅರ್ಧ ಭಾಗ, ತನ್ನನ್ನು ಯಾಕೆ ತೆಗೆದುಕೊಳ್ಳಬೇಕಾಗಿತ್ತು ಎಂಬ ವಾದ. ನಡುವೆ ತಂದೆ ಸೇರಿಸಿದ್ದ, ಎಂಟನೆಯ ತರಗತಿಯಲ್ಲಿ ಕನ್ನಡ ಕೂಟದ ನೃತ್ಯಸ್ಪರ್ಧೆಯಲ್ಲಿ ಬಂದ ಬಹುಮಾನ. ಈ ವಾದವನ್ನು ಬೇರೆ ಹಾಳೆಯಲ್ಲಿ, ಕಳುಹಿಸದ ಪತ್ರವಾಗಿ, ಎಷ್ಟು ಉದ್ದ ಬೇಕೋ ಅಷ್ಟು ಬರೆದುಕೋ ಎಂದೆ. ಕಳುಹಿಸುವ ಪತ್ರ ಒಂದು ಪುಟ ಮೀರಬಾರದು, ಅದರಲ್ಲಿ ದೂರು ಇರಬಾರದು, ಅರ್ಜಿಯಲ್ಲಿ ಈಗಾಗಲೇ ಇರುವುದು ಮತ್ತೆ ಬರಬಾರದು. ನವೆಂಬರ್ ನಂತರ ನಡೆದದ್ದು ಏನು ಎಂಬುದಷ್ಟೇ ಬೇಕು. ನಡೆದದ್ದು ಎರಡು ಸಂಗತಿಗಳು: ಭೌತಶಾಸ್ತ್ರದಲ್ಲಿ ಶಿಕ್ಷಕರು ಕೊಟ್ಟ ಒಂದು ಪ್ರಾಜೆಕ್ಟನ್ನು ಅವಳು ಮುಗಿಸಿದ್ದಳು, ಭಾನುವಾರದ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ತರಗತಿಯೊಂದು ಅವಳ ಪಾಲಿಗೆ ಬಂದಿತ್ತು. ‘ಸೀಟು ಕೊಟ್ಟರೆ ಖಂಡಿತ ಸೇರುತ್ತೇನೆ’ ಎಂಬ ವಾಕ್ಯವನ್ನು ಅದು ಇಂದಿಗೂ ನಿಜವಾಗಿದ್ದರೆ ಮಾತ್ರ ಬರೆಯಬೇಕು ಎಂದು ಹೇಳಿದ್ದೆ. ಆ ವಾಕ್ಯಕ್ಕಾಗಿ ಅವಳು ಎರಡು ವಾರ ತೆಗೆದುಕೊಂಡು, ಕೊನೆಗೆ ಬರೆದಳು. ಪತ್ರ ಜನವರಿ ಮಧ್ಯದಲ್ಲಿ ಹೋಯಿತು. ಅದೇ ಹೊತ್ತಿಗೆ ಮೊದಲ ಸೆಮಿಸ್ಟರಿನ ಅಂಕಗಳನ್ನು ಕಳುಹಿಸಲು ಶಾಲೆಯ ಕೌನ್ಸೆಲರಿಗೆ ನೆನಪಿಸುವುದನ್ನೂ ಅವಳಿಗೇ ಒಪ್ಪಿಸಿದೆವು. ಅಲ್ಲಿಂದಾಚೆಗೆ ಆ ಕಾಲೇಜಿನ ವಿಷಯದಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ಏಳು ಅರ್ಜಿಗಳ ಮಾತು ಚಿಕ್ಕದು. ಎಲ್ಲಕ್ಕಿಂತ ಸುಲಭವಾದುದರಿಂದ ಆರಂಭಿಸಲು ಶಾಲೆಯಲ್ಲಿ ಹೇಳಿದ್ದರು. ನಾನು, ಉಳಿದವುಗಳಲ್ಲಿ ನೀನು ನಿಜಕ್ಕೂ ನಾಲ್ಕು ವರ್ಷ ಇರಬಲ್ಲೆ ಎನ್ನಿಸುವ ಕಾಲೇಜು ಯಾವುದೋ ಅದರಿಂದ ಆರಂಭಿಸು ಎಂದೆ. ಎರಡನ್ನು ಅವಳು ಪಟ್ಟಿಯಿಂದಲೇ ತೆಗೆದಳು, ಐದನ್ನು ಬರೆದಳು. ಅರ್ಲಿ ಡಿಸಿಷನ್ ಜೊತೆಗೇ ಹಾಕಬಹುದಾಗಿದ್ದ ನ್ಯೂಜೆರ್ಸಿಯದೇ ಆದ ರಟ್ಗರ್ಸ್ ವಿಶ್ವವಿದ್ಯಾಲಯದ ‘ಅರ್ಲಿ ಆ್ಯಕ್ಷನ್’ ಎಂಬ, ಸೇರಲೇಬೇಕೆಂಬ ಕರಾರಿಲ್ಲದ ಅರ್ಜಿ ನವೆಂಬರ್‌ನಲ್ಲೇ ಹೋಗಿದ್ದುದು ಈಗ ನೆಮ್ಮದಿ ತಂದಿತು. ಕಾಲೇಜಿನ ಮಾತಿಗೆ ಸಂಜೆ ಮುಕ್ಕಾಲು ಗಂಟೆ ಗೊತ್ತು ಮಾಡಿ, ಊಟದ ಹೊತ್ತಿಗೆ ಅದನ್ನು ತರಬಾರದೆಂದು ಮೂವರಿಂದಲೂ ಒಪ್ಪಿಸಿದೆ. ಈ ನಿಯಮವನ್ನು ಮೊದಲ ವಾರ ಮುರಿದವರು ಮೂವರೂ.

ಅಜ್ಜಿಗೆ ಹೇಳಿದ್ದ ಸುಳ್ಳು ನನ್ನನ್ನು ಉಳಿದೆಲ್ಲಕ್ಕಿಂತ ಹೆಚ್ಚು ಕಾಡಿತ್ತು. ಮಗಳ ಕಣ್ಣೆದುರಿಗೆ ಆಡಿದ ಆ ಮಾತು, ಆದದ್ದು ಹೇಳಿಕೊಳ್ಳಲಾಗದ ಅವಮಾನ ಎಂದು ಅವಳಿಗೆ ತಿಳಿಸಿತ್ತು. ಸಂಕ್ರಾಂತಿಗೆ ಕನ್ನಡ ಕೂಟದಲ್ಲಿ ಎಳ್ಳುಬೆಲ್ಲದ ಜೊತೆಗೆ ಇದೇ ಪ್ರಶ್ನೆ ಹತ್ತು ಬಾಯಿಂದ ಬರುವುದು ಖಚಿತವಾಗಿದ್ದರಿಂದ, ಹೇಳಬೇಕಾದ ಒಂದು ವಾಕ್ಯವನ್ನು ಮೊದಲೇ ಸಿದ್ಧಮಾಡಿಕೊಂಡೆವು: “ಮೊದಲ ಸುತ್ತಿನಲ್ಲಿ ಆಗಲಿಲ್ಲ, ಬೇರೆ ಕಡೆ ಹಾಕಿದ್ದಾಳೆ, ಏಪ್ರಿಲ್‌ನಲ್ಲಿ ಹೇಳುತ್ತೇವೆ.” ತಾಯಿ ಅದನ್ನು ಸಲೀಸಾಗಿ ಹೇಳಿದರಂತೆ. ಅಜ್ಜಿಗೆ ತಿಳಿಸುವುದನ್ನು ತಂದೆ ಮೂರು ವಾರ ಮುಂದೂಡಿದರು. ಕೊನೆಗೊಂದು ದಿನ ಹುಡುಗಿಯೇ ಫೋನ್ ತೆಗೆದುಕೊಂಡು ಹೇಳಿದಳು. ಅಜ್ಜಿ ಕೇಳಿದ್ದು, ಹಾಗಾದರೆ ಮನೆಗೆ ಹತ್ತಿರದ ಕಾಲೇಜು ಯಾವುದು ಎಂದು.

ಫೆಬ್ರವರಿಯಲ್ಲಿ ನಿದ್ರೆ ಸರಿಹೋಯಿತು, ಭೇಟಿಗಳನ್ನು ಎರಡು ವಾರಕ್ಕೊಮ್ಮೆ ಮಾಡಿದೆವು. ಮಾರ್ಚ್ ಕೊನೆಯಲ್ಲಿ ಆ ಕಾಲೇಜು ನಿರಾಕರಿಸಿತು. ಅವಳು ಒಂದು ಸಂಜೆ ಅತ್ತು, ಮರುದಿನ ಶಾಲೆಗೆ ಹೋದಳು. ಉತ್ತರ ಕೊಡಬೇಕಾದ ಮೇ 1ರ ಮೊದಲು ಕೈಯಲ್ಲಿದ್ದ ಮೂರು ಸೀಟುಗಳ ಖರ್ಚನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಒಂದನ್ನು ಆರಿಸಿಕೊಂಡಳು, ಅದು ರಟ್ಗರ್ಸ್ ಅಲ್ಲ.

ಏಪ್ರಿಲ್ ಕೊನೆಯ ವಾರದಲ್ಲಿ ತಂದೆ ಒಬ್ಬರೇ ಬಂದರು. ಒಂದು ವರ್ಷ ಚೆನ್ನಾಗಿ ಓದಿದರೆ ಆ ಮೊದಲಿನ ಕಾಲೇಜಿಗೆ ಟ್ರಾನ್ಸ್‌ಫರ್ ಅರ್ಜಿ ಹಾಕಬಹುದಂತೆ, ಈಗಿನಿಂದಲೇ ತಯಾರಿ ಮಾಡಿದರೆ ಹೇಗೆ ಎಂದು ಕೇಳಿದರು. ಸ್ವೆಟ್‌ಶರ್ಟು ಈಗ ಅವರ ಕೋಣೆಯ ಕಪಾಟಿನಲ್ಲಿದೆ ಎಂದೂ ಹೇಳಿದರು. ಟ್ರಾನ್ಸ್‌ಫರಿನ ಮಾತನ್ನು ಮಗಳ ಮುಂದೆ ಎತ್ತಬೇಡಿ ಎಂದು ಕೇಳಿಕೊಂಡು, ಮುಂದಿನ ಮಂಗಳವಾರ ಸಂಜೆ ಅವರ ಹೆಸರಿನಲ್ಲಿಯೇ ಒಂದು ಗಂಟೆ ಬರೆದುಕೊಂಡೆ. ಅವರು ಬಂದರು.