‘ಮಿಸ್, ಅದು ಹಾಗಲ್ಲ’: ಇಂಗ್ಲಿಷ್ ಕಲಿಸುವವರ ಅಳುಕು

ಇಂಗ್ಲಿಷ್ ಮನೆಮಾತಲ್ಲದಿದ್ದರೂ ಅದನ್ನೇ ಕಲಿಸುವ ಶಿಕ್ಷಕರು ಬರೆದ ನಾಲ್ಕು ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಉಳಿದ ಮೂರರ ಬೇರೂ ಅಲ್ಲೇ ಇದೆ.

ಪ್ರಶ್ನೆ: ಒಂಬತ್ತು ವರ್ಷದಿಂದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಹೋದ ತಿಂಗಳು ತರಗತಿಯಲ್ಲಿ ‘ಪ್ರೊನೌನ್ಸಿಯೇಶನ್’ ಅಂದೆ. ಹಿಂದಿನ ಬೆಂಚಿನ ಹುಡುಗಿ ‘ಮಿಸ್, ಅದು ಹಾಗಲ್ಲ, ಪ್ರೊನನ್ಸಿಯೇಶನ್’ ಅಂದಳು. ಎಲ್ಲರೂ ನಕ್ಕರು. ಅಂದಿನಿಂದ ಪುಸ್ತಕದಲ್ಲಿದ್ದುದನ್ನು ಓದಿ, ಅರ್ಥ ಹೇಳಿ, ಗಂಟೆ ಹೊಡೆಯುವುದನ್ನೇ ಕಾಯುತ್ತೇನೆ. ಸ್ವಂತ ವಾಕ್ಯ ಆಡಲು ಭಯ. ನನಗೆ ಇಂಗ್ಲಿಷ್ ಕಲಿಸುವ ಅರ್ಹತೆ ಇದೆಯೇ?

ಉತ್ತರ: ಮೊದಲು ಆ ಹುಡುಗಿ ಹೇಳಿದ್ದು ಸರಿ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಸಮಾಧಾನ ಮಾಡಿದರೆ ನಿಮಗೆ ಉಪಕಾರವಾಗದು. ಆದರೆ ನೀವು ಯಾಕೆ ತಪ್ಪಿದಿರಿ ನೋಡಿ. ‘ಪ್ರೊನೌನ್ಸ್’ ಎಂಬ ಕ್ರಿಯಾಪದದಲ್ಲಿ ‘ಔ’ ಇದೆ, ಅದರ ನಾಮಪದದಲ್ಲೂ ಇರಬೇಕು ಎಂದು ನಿಮ್ಮ ನಾಲಿಗೆ ಲೆಕ್ಕ ಹಾಕಿತು. ತರ್ಕ ಸರಿಯೇ, ಇಂಗ್ಲಿಷ್ ಮಾತ್ರ ಅಲ್ಲಿ ಬೇರೆ ದಾರಿ ಹಿಡಿದಿದೆ. ‘ಪ್ರೊಫೌಂಡ್’ನಿಂದ ‘ಪ್ರೊಫಂಡಿಟಿ’, ‘ಅಬೌಂಡ್’ನಿಂದ ‘ಅಬಂಡನ್ಸ್’ ಆಗುವುದೂ ಹೀಗೆಯೇ. ಈ ಮೂರು ಜೋಡಿಯನ್ನು ಬೋರ್ಡಿನ ಮೇಲೆ ಬರೆದಿದ್ದರೆ ಅದೇ ಹತ್ತು ನಿಮಿಷದ ಒಳ್ಳೆಯ ಪಾಠವಾಗುತ್ತಿತ್ತು. ಈಗಲೂ ಕಾಲ ಮಿಂಚಿಲ್ಲ. ನಾಳೆ ಹೋಗಿ ಬರೆಯಿರಿ, ಆ ಹುಡುಗಿಗೆ ಥ್ಯಾಂಕ್ಸ್ ಹೇಳಿ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಒಂದಕ್ಕೊಂದು ಹೆಣೆದುಕೊಂಡಿವೆ: ನಾಚಿಕೆ ಮತ್ತು ಕೊರತೆ. ಕೊರತೆ ಅಂದರೆ ಒಂದು ಪದದ ಉಚ್ಚಾರ ತಿಳಿಯದಿರುವುದು. ಡಿಕ್ಷನರಿ ತೆರೆದರೆ ಅರ್ಧ ನಿಮಿಷದಲ್ಲಿ ತುಂಬುತ್ತದೆ. ನಾಚಿಕೆಗೆ ಅಂಥ ಸುಲಭದ ಮದ್ದಿಲ್ಲ. ಒಂದು ಪದ ತಪ್ಪಿದ್ದಕ್ಕೆ ಒಂಬತ್ತು ವರ್ಷದ ಅರ್ಹತೆಯನ್ನೇ ಕಟಕಟೆಗೆ ತಂದು ನಿಲ್ಲಿಸುತ್ತದೆ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಕೂಡುವುದರಲ್ಲಿ ತಪ್ಪಿದರೆ ಒರೆಸಿ ಮತ್ತೆ ಬರೆಯುತ್ತಾರೆ. ‘ನನಗೆ ಗಣಿತವೇ ಬರುವುದಿಲ್ಲವೇನೋ’ ಎಂದು ಅವರು ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಇಂಗ್ಲಿಷಿನವರಿಗೆ ಮಾತ್ರ ಯಾಕೆ ಈ ಶಿಕ್ಷೆ? ನಮಗೆ ಭಾಷೆ ಪಾಠದ ವಿಷಯವೂ ಹೌದು, ಪಾಠ ಮಾಡುವ ಉಪಕರಣವೂ ಹೌದು. ಎರಡೂ ಒಟ್ಟಿಗೆ ಬಯಲಾಗುತ್ತವೆ. ಭಾಷೆ ಕಲಿಸುವವರೂ ಕಲಿಯುವವರ ಹಾಗೆಯೇ ಆ ಭಾಷೆಯ ಮುಂದೆ ನಡುಗುತ್ತಾರೆ ಎಂಬ ಬಗ್ಗೆ ಭಾಷಾ ಕಲಿಕೆಯ ಸಂಶೋಧಕಿ ಎಲೇನ್ ಹಾರ್ವಿಟ್ಜ್ 1996ರಲ್ಲೇ ಬರೆದಿದ್ದಾರೆ. ನಡುಗುವ ಶಿಕ್ಷಕರು ತರಗತಿಯಲ್ಲಿ ಆ ಭಾಷೆಯ ಬಳಕೆಯನ್ನೇ ಕಡಿಮೆ ಮಾಡಿಬಿಡಬಹುದು ಎಂಬುದು ಅವರ ಎಚ್ಚರಿಕೆ. ನೀವು ಈಗ ಮಾಡುತ್ತಿರುವುದು ಅದನ್ನೇ.

ನನ್ನದೂ ಒಂದು ಕೇಳಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ‘ಲೈ’ಗೂ (ಮಲಗು) ‘ಲೇ’ಗೂ (ಇಡು) ಏನು ವ್ಯತ್ಯಾಸ ಎಂದ. ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. ಎರಡೂ ಒಂದೇ ಎಂದುಬಿಟ್ಟೆ. ಅವನು ಶ್ರದ್ಧೆಯಿಂದ ಬರೆದುಕೊಂಡ. ಯಾರೂ ನಗಲಿಲ್ಲ, ನನ್ನ ಮಾನವೂ ಉಳಿಯಿತು. ಇಷ್ಟು ವರ್ಷವಾದರೂ ಚುಚ್ಚುವುದು ಅವನು ಬರೆದುಕೊಂಡದ್ದು. ನಿಮ್ಮ ತಪ್ಪು ನಗೆಯಲ್ಲಿ ಮುಗಿಯಿತು, ನನ್ನದು ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ ಉಳಿಯಿತು.

ಈಗ ಕೆಲಸದ ಮಾತು. ಶಿಕ್ಷಕರಿಗೆ ಇಡೀ ಇಂಗ್ಲಿಷ್ ಬೇಕು ಎಂಬ ಊಹೆಯೇ ನಮ್ಮನ್ನು ಅರ್ಧ ಕೊಲ್ಲುತ್ತದೆ. ಶಿಕ್ಷಕರ ತರಬೇತಿಯ ಬಗ್ಗೆ ಸಂಶೋಧನೆ ಮಾಡುವ ಡೊನಾಲ್ಡ್ ಫ್ರೀಮನ್ ಮತ್ತು ಸಂಗಡಿಗರು 2015ರಲ್ಲಿ ಒಂದು ವಾದ ಮುಂದಿಟ್ಟರು: ಪಾಠಕ್ಕೆ ಬೇಕಾದ ಇಂಗ್ಲಿಷಿಗೆ ಒಂದು ಎಲ್ಲೆ ಇದೆ. ತರಗತಿಯನ್ನು ನಡೆಸುವ ಮಾತು, ಪಾಠವನ್ನು ತಿಳಿಸುವ ಮಾತು, ಮಕ್ಕಳ ಉತ್ತರವನ್ನು ನೋಡಿ ತಿದ್ದುವ ಮಾತು, ಇಷ್ಟು. ಹರಟೆ, ಹಾಸ್ಯ, ರಾಜಕೀಯ ಚರ್ಚೆ ಅದರಲ್ಲಿ ಸೇರಿಲ್ಲ. ಆದ್ದರಿಂದ ಬರುವ ವಾರದ ಒಂದೇ ಒಂದು ಪಾಠ ತೆಗೆದುಕೊಳ್ಳಿ. ಅಲ್ಲಿ ನೀವು ಆಡಬೇಕಾದ ಸೂಚನೆಗಳನ್ನು ಹತ್ತು ಹನ್ನೆರಡು ವಾಕ್ಯದಲ್ಲಿ ಬರೆದು, ಕಾಗದ ನೋಡದೆ ಬರುವವರೆಗೂ ಜೋರಾಗಿ ಹೇಳಿ. ಹೊಸ ಪದಗಳ ಉಚ್ಚಾರವನ್ನು ಧ್ವನಿ ಇರುವ ಡಿಕ್ಷನರಿಯಲ್ಲಿ ಹಿಂದಿನ ದಿನವೇ ಕೇಳಿಸಿಕೊಳ್ಳಿ. ತಿಂಗಳಿಗೊಮ್ಮೆ ಐದು ನಿಮಿಷದ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದೇ ವಿಷಯಕ್ಕಾಗಿ ಕೇಳಿ. ‘ಡಿಸ್ಕಸ್’ ಸಾಕಾದಲ್ಲಿ ‘ಡಿಸ್ಕಸ್ ಅಬೌಟ್’ ಅನ್ನುತ್ತೀರಾ? ‘ಎಕ್ಸ್‌ಪ್ಲೇನ್ ಟು ಮಿ’ ಬದಲು ‘ಎಕ್ಸ್‌ಪ್ಲೇನ್ ಮಿ’ ಅನ್ನುತ್ತೀರಾ? ಸಿಕ್ಕಿದ ಒಂದನ್ನು ಆ ತಿಂಗಳು ತಿದ್ದಿಕೊಂಡರೆ ಸಾಕು. ಎಲ್ಲ ತಪ್ಪನ್ನೂ ಒಟ್ಟಿಗೆ ಹುಡುಕಹೊರಟರೆ ರೆಕಾರ್ಡಿಂಗನ್ನೇ ಅಳಿಸಿಹಾಕುವ ಮನಸ್ಸಾಗುತ್ತದೆ, ನಾನು ಅಳಿಸಿದ್ದೇನೆ.

ಮತ್ತೆ ಯಾರಾದರೂ ತಿದ್ದಿದರೆ? ‘ಲೆಟ್ಸ್ ಚೆಕ್’ ಎನ್ನಿ, ಎಲ್ಲರೆದುರೇ ಡಿಕ್ಷನರಿ ನೋಡಿ. ಎಷ್ಟೋ ಸಲ ಎರಡೂ ಉಚ್ಚಾರ ಸರಿ ಎಂದಿರುತ್ತದೆ. ‘ನೋಡಿ ಹೇಳ್ತೀನಿ’ ಅಂದರೆ ಮಾತ್ರ ಮರುದಿನ ಹೇಳಲೇಬೇಕು. ಮಕ್ಕಳು ಗೊತ್ತಿಲ್ಲದಿರುವುದನ್ನು ಮರೆತುಬಿಡುತ್ತಾರೆ, ಹೇಳುತ್ತೇನೆಂದು ಹೇಳದಿದ್ದುದನ್ನು ಮರೆಯುವುದಿಲ್ಲ.

ಪ್ರಶ್ನೆ: ನನ್ನ ಇಂಗ್ಲಿಷಿನಲ್ಲಿ ಕನ್ನಡದ ವಾಸನೆ ಹೊಡೆಯುತ್ತದೆ ಎಂದು ಸಹೋದ್ಯೋಗಿಗಳು ಛೇಡಿಸುತ್ತಾರೆ. ಬ್ರಿಟಿಷ್ ಆಕ್ಸೆಂಟ್ ಕಲಿಸುವ ಕೋರ್ಸಿಗೆ ಸೇರಲೇ?

ಉತ್ತರ: ಬೇಡ. ಆ ಹಣ, ಹೊತ್ತು ಎರಡನ್ನೂ ಬೇರೆ ಕಡೆ ಹಾಕಿ.

ಆಕ್ಸೆಂಟ್ ಎದ್ದು ಕಾಣುವುದು ಒಂದು, ಮಾತು ಅರ್ಥವಾಗದಿರುವುದು ಇನ್ನೊಂದು. ಉಚ್ಚಾರದ ಸಂಶೋಧಕರಾದ ಮರ್ರೇ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ಇದನ್ನು ಅಳೆದು ತೋರಿಸಿದರು. ಆಕ್ಸೆಂಟ್ ದಟ್ಟವಾಗಿದೆ ಎಂದು ಕೇಳುಗರು ಗುರುತು ಹಾಕಿದ ಮಾತುಗಳಲ್ಲೂ ಎಷ್ಟೋ ಮಾತುಗಳನ್ನು ಅದೇ ಕೇಳುಗರು ಒಂದು ಪದ ಬಿಡದೆ ಬರೆದುಕೊಟ್ಟಿದ್ದರು. ಇನ್ನು ಅಮೆರಿಕದ ಸಂಶೋಧಕ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಜೊತೆಗೆ ಸಿಟ್ಟೂ. ಅಮೆರಿಕದ ವಿದ್ಯಾರ್ಥಿಗಳಿಗೆ ಅಮೆರಿಕದವಳೇ ಮಾಡಿದ ಉಪನ್ಯಾಸದ ರೆಕಾರ್ಡಿಂಗ್ ಕೇಳಿಸಿದರು. ಕೆಲವರ ಮುಂದೆ ಬಿಳಿಯ ಮಹಿಳೆಯ ಫೋಟೊ, ಕೆಲವರ ಮುಂದೆ ಏಷ್ಯಾದ ಮಹಿಳೆಯ ಫೋಟೊ. ಧ್ವನಿ ಒಂದೇ. ಏಷ್ಯಾದ ಮುಖ ಕಂಡವರಿಗೆ ಇಲ್ಲದ ವಿದೇಶಿ ಆಕ್ಸೆಂಟ್ ಕೇಳಿಸಿತು. ಅವರಿಗೆ ಪಾಠ ತಲೆಗೆ ಹೋದದ್ದೂ ಕಡಿಮೆ. ಕೇಳುವವರ ಕಿವಿಯಲ್ಲಿರುವುದನ್ನು ನೀವು ನಿಮ್ಮ ನಾಲಿಗೆಯಿಂದ ಎಷ್ಟೆಂದು ತಿದ್ದುತ್ತೀರಿ?

ಹಾಗೆಂದು ಉಚ್ಚಾರವನ್ನು ಕೈಬಿಡಿ ಎನ್ನುತ್ತಿಲ್ಲ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಆರಿಸಿಕೊಳ್ಳಿ. ಬೇರೆ ಬೇರೆ ಮಾತೃಭಾಷೆಯವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಎಲ್ಲಿ ತೊಡಕಾಗುತ್ತದೆ ಎಂದು ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ ಪರಿಶೀಲಿಸಿ 2000ದಲ್ಲಿ ಒಂದು ಪಟ್ಟಿ ಕೊಟ್ಟರು. ‘ಥಿಂಕ್’, ‘ದಿಸ್’ ಪದಗಳ ಮೊದಲ ಧ್ವನಿಗಳು ಅದರಲ್ಲಿಲ್ಲ. ನಾವು ನಮ್ಮ ಥ, ದ ಹಾಕಿದರೆ ಆಕಾಶ ಬೀಳುವುದಿಲ್ಲ. ಸ್ವರದ ಹ್ರಸ್ವ, ದೀರ್ಘ ಪಟ್ಟಿಯಲ್ಲಿದೆ, ನಮಗದು ಹುಟ್ಟಿನಿಂದ ಬಂದ ಸಂಪತ್ತು. ಬಸ್ಸು, ಬುಕ್ಕು ಎಂದು ಕೊನೆಗೊಂದು ‘ಉ’ ಅಂಟಿಸುವ ಚಾಳಿ ಬಿಟ್ಟರೆ ಒಳ್ಳೆಯದು. ಆದರೆ ವ್ಯಂಜನವನ್ನು ನುಂಗಿಬಿಡುವುದು ಅದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ‘ವೈನ್’ ಎಂಬ ಎರಡು ಪದಗಳಲ್ಲಿ ಒಂದು ಬಳ್ಳಿ, ಒಂದು ಮದ್ಯ. ನಮಗಿರುವುದು ಒಂದೇ ‘ವ’ ಆದ್ದರಿಂದ ಅದನ್ನು ಕನ್ನಡಿಯ ಮುಂದೆ ಬೇರೆ ಮಾಡಿ ಕಲಿಯಬೇಕು: ಬಳ್ಳಿಗೆ ಹಲ್ಲು ಕೆಳತುಟಿಗೆ ತಾಗಲಿ, ಮದ್ಯಕ್ಕೆ ತುಟಿ ದುಂಡಗಾಗಲಿ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ವಾಕ್ಯದಲ್ಲಿನ ಒತ್ತು. ಜೆಂಕಿನ್ಸ್ ಪಟ್ಟಿಯಲ್ಲೂ ಅದು ಇದೆ. ‘ನಾನೇ ಅವಳಿಗೆ ಹೇಳಿದೆ’, ‘ನಾನು ಅವಳಿಗೇ ಹೇಳಿದೆ’ ಎಂದು ನಾವು ಒಂದು ‘ಏ’ ಅಂಟಿಸಿ ಮಾಡುವ ಕೆಲಸವನ್ನು ಇಂಗ್ಲಿಷ್ ಬರೀ ದನಿಯಲ್ಲಿ ಮಾಡುತ್ತದೆ. ‘ಐ ಟೋಲ್ಡ್ ಹರ್’ನಲ್ಲಿ ‘ಐ’ ಮೇಲೆ ಒತ್ತಿದರೆ ‘ನಾನೇ’, ‘ಹರ್’ ಮೇಲೆ ಒತ್ತಿದರೆ ‘ಅವಳಿಗೇ’. ಕನ್ನಡದಲ್ಲಿ ಎಲ್ಲಿ ‘ಏ’ ಬರುತ್ತದೋ ಅಲ್ಲಿ ಇಂಗ್ಲಿಷಿನಲ್ಲಿ ದನಿ ಏರಿಸಿ. ಈ ಒಂದು ಸೂತ್ರ ಹೇಳಿಕೊಟ್ಟು ವಾರದೊಳಗೆ ಮಕ್ಕಳ ಓದು ಬದಲಾದದ್ದನ್ನು ನಾನು ಕಂಡಿದ್ದೇನೆ. ಇಂಥದ್ದು ಯಾವ ಬ್ರಿಟಿಷ್ ಆಕ್ಸೆಂಟಿನ ಕೋರ್ಸಿನಲ್ಲೂ ಸಿಗದು, ಯಾಕೆಂದರೆ ಅವರಿಗೆ ನಮ್ಮ ‘ಏ’ ಗೊತ್ತಿರುವುದಿಲ್ಲ.

ಪ್ರಶ್ನೆ: ಮಕ್ಕಳಿಗೆ ಅರ್ಥವಾಗದಾಗ ಕನ್ನಡದಲ್ಲಿ ಹೇಳಿಬಿಡುತ್ತೇನೆ. ಆಮೇಲೆ, ನನ್ನ ಇಂಗ್ಲಿಷ್ ಸಾಲದೆ ಹೀಗೆ ಮಾಡಿದೆನಾ ಎಂಬ ಅಪರಾಧಿ ಭಾವ ಕಾಡುತ್ತದೆ.

ಉತ್ತರ: ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಇಂಗ್ಲಿಷ್ ಮಾತೃಭಾಷೆಯವರೇ ಕಲಿಸಿದರೆ ಉತ್ತಮ ಎಂಬ ನಂಬಿಕೆಗಳಿಗೆ ದೊಡ್ಡ ಬಲ ಸಿಕ್ಕಿದ್ದು 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ನಡೆದ ಇಂಗ್ಲಿಷ್ ಬೋಧನೆಯ ಸಮ್ಮೇಳನದಲ್ಲಿ. ಅವು ಸಾಬೀತಾದ ಸತ್ಯಗಳಲ್ಲ, ಭ್ರಮೆಗಳು ಎಂದು ಭಾಷಾವಿಜ್ಞಾನಿ ರಾಬರ್ಟ್ ಫಿಲಿಪ್ಸನ್ 1992ರಲ್ಲಿ ಒಂದೊಂದನ್ನೇ ಬಿಡಿಸಿ ವಾದಿಸಿದರು. ಹಂಗೇರಿಯ ಪೀಟರ್ ಮೆಜೆಶ್, ಅವರೂ ನಮ್ಮ ಹಾಗೆ ಕಲಿತು ಕಲಿಸಿದವರು, ಮಕ್ಕಳ ಭಾಷೆ ಬಲ್ಲದ್ದನ್ನು ನಮ್ಮಂಥವರ ಅನುಕೂಲಗಳ ಸಾಲಿಗೇ ಸೇರಿಸುತ್ತಾರೆ.

ಉದಾಹರಣೆಗೆ, ‘ಐ ಹ್ಯಾವ್ ಸೀನ್ ಇಟ್ ಯೆಸ್ಟರ್‌ಡೇ’ ಎಂದು ಮಕ್ಕಳು ಯಾಕೆ ಬರೆಯುತ್ತಾರೆ? ‘ನಿನ್ನೆ ನೋಡಿದ್ದೇನೆ’ ಎನ್ನುವುದು ಕನ್ನಡದಲ್ಲಿ ತಪ್ಪಲ್ಲ, ಅದಕ್ಕೆ. ಇದನ್ನು ಎರಡು ಕನ್ನಡ ವಾಕ್ಯದಲ್ಲಿ ಹೇಳಿದರೆ ಅರ್ಧ ಗಂಟೆಯ ಇಂಗ್ಲಿಷ್ ವಿವರಣೆ ಉಳಿಯುತ್ತದೆ. ಆದರೆ ನಿಮ್ಮ ಅಪರಾಧಿ ಭಾವಕ್ಕೆ ಪೂರ್ತಿ ಕ್ಷಮೆ ಕೊಡಲಾರೆ. ಕನ್ನಡಕ್ಕೆ ಹೊರಳಿದ ಕ್ಷಣದಲ್ಲಿ ಮಕ್ಕಳಿಗೆ ತಿಳಿಯಲಿಲ್ಲವೋ, ನಿಮಗೆ ಇಂಗ್ಲಿಷ್ ವಾಕ್ಯ ಹೊಳೆಯಲಿಲ್ಲವೋ? ಇದು ನಿಮಗೊಬ್ಬರಿಗೇ ಗೊತ್ತು. ಎರಡನೆಯದಾದರೆ ಆ ವಾಕ್ಯವನ್ನು ಪುಸ್ತಕದ ಅಂಚಿನಲ್ಲಿ ಗುರುತು ಮಾಡಿ, ಮನೆಗೆ ಹೋಗಿ ಇಂಗ್ಲಿಷಿನಲ್ಲಿ ಕಟ್ಟಿಕೊಳ್ಳಿ.

ಪ್ರಶ್ನೆ: ಆನ್‌ಲೈನ್ ಪಾಠದ ಕೆಲಸಗಳಿಗೆ ‘ನೇಟಿವ್ ಸ್ಪೀಕರ್ ಮಾತ್ರ’ (ಇಂಗ್ಲಿಷ್ ಮನೆಮಾತಾದವರು ಮಾತ್ರ) ಎಂದಿರುತ್ತದೆ. ಅರ್ಜಿ ಹಾಕುವುದು ವ್ಯರ್ಥವೇ?

ಉತ್ತರ: ಕೆಲವು ಕಡೆ ವ್ಯರ್ಥವೇ, ಸುಳ್ಳು ಹೇಳುವುದಿಲ್ಲ. ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘಟನೆ ಟೆಸಾಲ್ 2006ರಲ್ಲೇ ಈ ತಾರತಮ್ಯವನ್ನು ವಿರೋಧಿಸಿ ನಿಲುವು ಪ್ರಕಟಿಸಿತು. ಭಾಷಾ ಸಾಮರ್ಥ್ಯಕ್ಕೆ ಎ1ರಿಂದ ಸಿ2ರವರೆಗೆ ಹಂತ ಹಾಕುವ ಯುರೋಪಿನ ಚೌಕಟ್ಟು 2020ರ ಪರಿಷ್ಕರಣೆಯಲ್ಲಿ ತನ್ನ ವಿವರಣೆಗಳಿಂದ ‘ನೇಟಿವ್ ಸ್ಪೀಕರ್’ ಎಂಬ ಮಾತನ್ನೇ ತೆಗೆದುಹಾಕಿತು. ಜಾಹೀರಾತು ಬರೆಯುವವರಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಕೇಳಿರುವುದು ‘ನೇಟಿವ್ ಲೆವೆಲ್’ ಎಂದಾದರೆ ಧೈರ್ಯವಾಗಿ ಹಾಕಿ, ಜೊತೆಗೆ ನಿಮ್ಮ ಹಂತ ತೋರಿಸುವ ಒಂದು ಪರೀಕ್ಷೆಯ ಅಂಕಪಟ್ಟಿ ಇರಲಿ. ಅರ್ಜಿಯಲ್ಲಿ ‘ನಾನು ನೇಟಿವ್ ಅಲ್ಲದಿದ್ದರೂ’ ಎಂದು ಶುರು ಮಾಡಬೇಡಿ, ಕ್ಷಮೆ ಕೇಳುತ್ತಾ ಒಳಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಡೆಮೊ ತರಗತಿ ಕೊಡಿ ಎಂದರೆ ಸರಾಗ ಸಂಭಾಷಣೆಯ ಪಾಠ ಆರಿಸಬೇಡಿ. ವ್ಯಾಕರಣದ ತೊಡಕಿನದೊಂದು ಆರಿಸಿ. ‘ನಾನು ಬೇಕು’ ಯಾಕೆ ತಪ್ಪು, ‘ನನಗೆ ಬೇಕು’ ಯಾಕೆ ಸರಿ ಎಂದು ಹೊಸದಾಗಿ ಕನ್ನಡ ಕಲಿಯುವವರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಹಾಗೇ ಹೇಳೋದು’ ಎಂದು ಕೈ ತೊಳೆದುಕೊಳ್ಳುತ್ತೇವೆ. ಇಂಗ್ಲಿಷ್ ಮನೆಮಾತಾದವರಿಗೂ ಇಂಗ್ಲಿಷಿನಲ್ಲಿ ಅದೇ ಕಷ್ಟ. ‘ಎ’ ಎಲ್ಲಿ, ‘ದಿ’ ಎಲ್ಲಿ ಎಂಬುದನ್ನು ನೀವು ಒದ್ದಾಡಿ ಕಲಿತಿದ್ದೀರಿ, ಹಾಗಾಗಿ ವಿವರಿಸಬಲ್ಲಿರಿ. ಡೆಮೊಗೆ ಅದನ್ನೇ ಇಟ್ಟುಕೊಳ್ಳಿ.